ಅರ್ಥ ಹೇಳುವವರು ಸುಮ್ಮನಿರುವುದನ್ನೂ ಕಲಿಯಲಿ

ಸಂಪಾದಕರಿಗೆ,

ಮಾನ್ಯರೇ,

ತಿರುಗಾಟದ ಕೊನೆಯ ದಿನವಾದ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದವು. ಇನ್ನು ದೀಪಾವಳಿ ಕಳೆದು ತಿರುಗಾಟ ಹೊರಡುವ ತನಕ ಕರಾವಳಿಯಲ್ಲಿ ತಾಳಮದ್ದಳೆಯ ಕಾಲ, ಎಂದರೆ ಭಾಗವತರು ಹಾಡುವ ಪದ್ಯಕ್ಕೆ ಅರ್ಥಧಾರಿಗಳು ವೇಷವಿಲ್ಲದೆ ಕುಳಿತು ಪಾತ್ರವಾಗಿ ಮಾತಾಡುವ ಕೂಟಗಳ ಕಾಲ. ಪತ್ರಿಕೆಯಲ್ಲಿ ಇಂದಿನ ಕಾರ್ಯಕ್ರಮಗಳ ಪಟ್ಟಿ ನೋಡಿದರೆ ಒಂದೇ ಸಂಜೆಗೆ ದೇವಸ್ಥಾನದ ಚಂದ್ರಶಾಲೆಯಲ್ಲಿ ವಾಲಿಮೋಕ್ಷ, ಭಜನಾ ಮಂದಿರದಲ್ಲಿ ಕೃಷ್ಣಸಂಧಾನ, ಪೇಟೆಯ ಸಭಾಭವನದಲ್ಲಿ ಕರ್ಣಪರ್ವ. ಕೂಟಗಳು ಹೆಚ್ಚಿವೆ, ಸಂತೋಷ. ಕೂಟದ ಜೊತೆಗೆ ಮಾತೂ ಹೆಚ್ಚಿದೆ. ಅದರ ಬಗ್ಗೆ ನಾಲ್ಕು ಮಾತು ಬರೆಯೋಣವೆನಿಸಿತು. ನಾಲ್ಕಕ್ಕೆ ನಿಲ್ಲಲಿಕ್ಕಿಲ್ಲ, ಕ್ಷಮೆಯಿರಲಿ.

ತಾಳಮದ್ದಳೆ ಎಂದರೆ ಮಾತೇ ಅಲ್ಲವೇ, ಅಲ್ಲಿ ಮಾತು ಹೆಚ್ಚಾಯಿತೆನ್ನುವುದು ಬಂದರಿನ ಧಕ್ಕೆಗೆ ಹೋಗಿ ಮೀನಿನ ವಾಸನೆಯೆಂದು ಮೂಗು ಮುಚ್ಚಿಕೊಂಡಂತೆ ಎಂದು ಯಾರಾದರೂ ನಗಬಹುದು. ನಗಲಿ. ಯಕ್ಷಗಾನದ ಆಟದಲ್ಲಿ ಮಾತು ನಿಂತರೂ ವೇಷ ನಿಲ್ಲುವುದಿಲ್ಲ. ಕಣ್ಣು, ಕೈ, ಹೆಜ್ಜೆ, ಕಿರೀಟದ ಒಂದು ವಾಲು ಎಲ್ಲವೂ ಕೆಲಸ ಮಾಡುತ್ತಲೇ ಇರುತ್ತವೆ. ಕೂಟದಲ್ಲಿ ಬಣ್ಣವಿಲ್ಲ, ಕುಣಿತವಿಲ್ಲ. ಮಾತು ನಿಂತ ಕ್ಷಣ ಉಳಿಯುವುದು ಶ್ರುತಿಯೊಂದೇ. ಆ ಶ್ರುತಿ ಮಾತ್ರ ಕೇಳುವ ಐದಾರು ಸೆಕೆಂಡುಗಳಿಗೆ ಈಗಿನ ಅರ್ಥಧಾರಿಗಳಲ್ಲಿ ಹೆಚ್ಚಿನವರು ಹೆದರುತ್ತಾರೆ. ಹೆದರಿ ತುಂಬಿಸುತ್ತಾರೆ. ಶ್ಲೋಕ, ಉಪಕಥೆ, ವ್ಯುತ್ಪತ್ತಿ, ಮೊನ್ನೆಯ ಚುನಾವಣೆ, ಏನು ಸಿಕ್ಕಿದರೆ ಅದು.

ಗಡಿಯಾರದ ಲೆಕ್ಕವನ್ನೇ ನೋಡೋಣ. ಮೂರೂವರೆ ಗಂಟೆಯ ಕಾಲಮಿತಿ ಕೂಟ ಎಂದರೆ 210 ನಿಮಿಷ. ಗಣಪತಿ ಸ್ತುತಿಗೆ, ಕೊನೆಯ ಮಂಗಳಕ್ಕೆ ಸೇರಿ 15 ನಿಮಿಷ ಹೋಯಿತು. ಭಾಗವತರು 30 ಪದ್ಯ ಇಟ್ಟುಕೊಂಡಿದ್ದಾರೆ, ಒಂದಕ್ಕೆ ಮೂರು ನಿಮಿಷವೆಂದರೆ 90. ಅರ್ಥಕ್ಕೆ ಉಳಿದದ್ದು 105 ನಿಮಿಷ. ಪದ್ಯಕ್ಕೆ ಸರಾಸರಿ ಮೂರೂವರೆ ನಿಮಿಷದ ಅರ್ಥ, ಕಡಿಮೆಯೇನಲ್ಲ. ಆದರೆ ಮೊದಲ ಅರ್ಥಧಾರಿ ಪೀಠಿಕೆಗೇ 45 ನಿಮಿಷ ತೆಗೆದುಕೊಂಡರೆ ಮಿಕ್ಕ 29 ಪದ್ಯಗಳಿಗೆ ಒಂದು ಗಂಟೆ, ಅಂದರೆ ಒಂದಕ್ಕೆ ಎರಡೇ ನಿಮಿಷ. ನಡುವೆ 40 ನಿಮಿಷದ ಸನ್ಮಾನ ಸಮಾರಂಭ ಬಂದಿತೋ, ಉಳಿದದ್ದು 20 ನಿಮಿಷ. ಆಗ ಏನಾಗುತ್ತದೆ ಎಂಬುದು ಕೂಟಕ್ಕೆ ಹೋಗುವ ಎಲ್ಲರಿಗೂ ಗೊತ್ತು. ಭಾಗವತರು ಪದ್ಯ ಹಾರಿಸುತ್ತಾರೆ. ಹಾರಿಹೋಗುವುದು ಯಾವಾಗಲೂ ಉತ್ತರಾರ್ಧದ ಪದ್ಯಗಳು, ಎಂದರೆ ಪ್ರಸಂಗ ಯಾವುದಕ್ಕಾಗಿ ಹುಟ್ಟಿತೋ ಆ ಪದ್ಯಗಳು. ಪೆಟ್ಟು ಬೀಳುವುದು ಕೊನೆಯಲ್ಲಿ ಬಂದು ಕೂರುವ ಕಿರಿಯ ಅರ್ಥಧಾರಿಗೆ. ವಾರವಿಡೀ ಓದಿ ತಯಾರಾಗಿ ಬಂದವರಿಗೆ ಸಿಗುವುದು ಮೂರು ನಿಮಿಷ.

ಪೀಠಿಕೆಗೆ ನಿಜಕ್ಕೂ ಎಷ್ಟು ಬೇಕು? ಪಾತ್ರ ಯಾರು, ಈಗ ಎಲ್ಲಿದೆ, ಯಾವ ಮನಃಸ್ಥಿತಿಯಲ್ಲಿದೆ, ಮುಂದೇನು ಮಾಡಹೊರಟಿದೆ. ಈ ನಾಲ್ಕು ಸಂಗತಿ ಹತ್ತು ಹನ್ನೆರಡು ನಿಮಿಷದಲ್ಲಿ ಹಸನಾಗಿ ಬರುತ್ತದೆ. ಹದಿನೈದು ದಾಟಿದರೆ ಅದು ಪೀಠಿಕೆಯಲ್ಲ, ಪ್ರವಚನ. ಸೃಷ್ಟಿಯಿಂದ ಹಿಡಿದು ವಂಶಾವಳಿ ಬಿಚ್ಚುವ ಅಭ್ಯಾಸ ಎಲ್ಲಿಂದ ಬಂತೋ. ಇಡೀ ರಾತ್ರಿಯ ಕೂಟಗಳಿದ್ದಾಗ ಬೆಳಗಾಗುವ ತನಕ ಹೊತ್ತು ಕಳೆಯಬೇಕಿತ್ತು, ಆಗ ನಡೆಯಿತು. ರಾತ್ರಿ ಹೋಗಿ ಸಂಜೆಯಾಯಿತು, ಪೀಠಿಕೆ ಮಾತ್ರ ರಾತ್ರಿಯದೇ ಉಳಿಯಿತು.

ಉದ್ದವೊಂದೇ ದೋಷವಲ್ಲ. ಎಲ್ಲಿ ನಿಲ್ಲಿಸಬೇಕು ಎಂಬುದು ಗೊತ್ತಿಲ್ಲದಿರುವುದು ಅದಕ್ಕಿಂತ ದೊಡ್ಡ ದೋಷ. ನಮ್ಮ ಕಲೆಯಲ್ಲಿ ಅದಕ್ಕೊಂದು ಹೆಸರೇ ಇದೆ: ಎತ್ತುಗಡೆ. ಮುಂದಿನ ಪದ್ಯವನ್ನು ಭಾಗವತರು ಎತ್ತಿಕೊಳ್ಳುವಂತೆ ಮಾತನ್ನು ತಂದು ನಿಲ್ಲಿಸುವ ಜಾಗ. ಸುಗ್ರೀವ ಎರಡನೆಯ ಸಲ ಬಂದು ಯುದ್ಧಕ್ಕೆ ಕೂಗುತ್ತಿದ್ದಾನೆ, ವಾಲಿ ಹೊರಟಿದ್ದಾನೆ, ಮುಂದಿನ ಪದ್ಯ ತಾರೆಯದು ಎಂದಿಟ್ಟುಕೊಳ್ಳಿ. ವಾಲಿಯ ಅರ್ಥ ಬಾಗಿಲಿನ ಹತ್ತಿರ ನಿಲ್ಲಬೇಕು: ‘ಕೂಗಲಿ, ಗಂಟಲು ಹರಿಯುವಷ್ಟು ಕೂಗಲಿ. ಬಂದೆ. ಯಾರದು, ದಾರಿಗೆ ಅಡ್ಡ ನಿಂತವರು?’ ಅಷ್ಟೇ. ಅಲ್ಲಿ ಭಾಗವತರ ಜಾಗಟೆ ಬಿದ್ದರೆ ತಾರೆಯ ಪದ್ಯ ತಾನಾಗಿ ಬಂದು ಕೂರುತ್ತದೆ; ಯಾರು ಅಡ್ಡ ನಿಂತದ್ದು ಎಂಬುದಕ್ಕೆ ಪದ್ಯವೇ ಉತ್ತರ. ಇದನ್ನು ಕೆಡಿಸುವುದು ಬಲು ಸುಲಭ. ‘ಯಾರದು, ಓಹೋ ತಾರೆಯೋ, ವಾನರವೈದ್ಯ ಸುಷೇಣನ ಮಗಳು, ನನ್ನ ಧರ್ಮಪತ್ನಿ, ಧರ್ಮಪತ್ನಿ ಎಂದರೆ ಯಾರು...’ ಎಂದು ಮುಂದುವರಿದರೆ ಆಯಿತು. ರಂಗದ ಮೇಲೆ ಆಗ ಏನಾಗುತ್ತದೆಂದು ಮುಂದಿನ ಸಲ ಗಮನಿಸಿ. ಭಾಗವತರು ಎತ್ತಿದ ಜಾಗಟೆಯನ್ನು ಮೆಲ್ಲಗೆ ತೊಡೆಯ ಮೇಲಿಡುತ್ತಾರೆ. ಮದ್ದಳೆಯವರ ಬಲಗೈ ಮುಚ್ಚಿಗೆಯ ಮೇಲೆ ಒಂದು ಗಳಿಗೆ ಹಾಗೇ ನಿಂತು ಹಿಂದಕ್ಕೆ ಬರುತ್ತದೆ. ಚಕ್ರತಾಳದ ಹುಡುಗ ಮೇಲೆ ಫ್ಯಾನು ನೋಡುತ್ತಾನೆ. ಎರಡು ಸಲ ಹೀಗಾದರೆ ಹಿಮ್ಮೇಳಕ್ಕೆ ಉತ್ಸಾಹ ಹೋಯಿತು. ಮತ್ತೆ ಆ ರಾತ್ರಿ ಪದ್ಯ ಮೇಲೇಳುವುದಿಲ್ಲ.

ಇನ್ನು ಎದುರಿನವರು ಮಾತಾಡುವಾಗ ಸುಮ್ಮನಿರುವ ವಿದ್ಯೆ. ಇದನ್ನು ಯಾವ ಶಿಬಿರದಲ್ಲೂ ಕಲಿಸುತ್ತಿಲ್ಲ ಎಂದೇ ನಮ್ಮ ದೂರು. ಎದುರು ಕುಳಿತ ಅರ್ಥಧಾರಿ ಪಕ್ಕದವರ ಕಿವಿಯಲ್ಲಿ ಏನೋ ಹೇಳಿ ನಗುವುದು, ಮೊಬೈಲು ತೀಡುವುದು, ಚಾ ಕುಡಿಯುವುದು, ತನ್ನ ಸರದಿಗೆ ಬೇಕಾದ ಶ್ಲೋಕ ಹುಡುಕಿ ಚೀಟಿ ತಿರುವುವುದು, ಇವು ಶ್ರೋತೃಗಳಿಗೆ ಕಾಣುವುದಿಲ್ಲವೆಂದು ಅವರಿಗೆ ಯಾರು ಹೇಳಿದರೋ. ಕೂಟದಲ್ಲಿ ಕೇಳಿಸಿಕೊಳ್ಳುವುದೂ ಪಾತ್ರದ ಕೆಲಸ. ವಿದುರ ಮಾತಾಡುವಾಗ ಕೌರವ ಕೇಳಿಸಿಕೊಳ್ಳದೆ ಇರಬಹುದು, ಆದರೆ ಕೌರವನಾಗಿ ಕೇಳಿಸಿಕೊಳ್ಳದೆ ಇರಬೇಕು. ಬಸ್ಸು ತಪ್ಪುತ್ತದೆಂಬ ಚಿಂತೆಯ ಗೃಹಸ್ಥರಾಗಿ ಅಲ್ಲ.

ಮತ್ತೆ, ಕೇಳಿದ ಮಾತಿಗೆಲ್ಲ ಉತ್ತರ ಕೊಡಲೇಬೇಕೆಂದೂ ಇಲ್ಲ. ಇಲ್ಲಿ ವಾಲಿಮೋಕ್ಷವನ್ನೇ ತುಸು ಬಿಡಿಸಿ ನೋಡಬೇಕು, ಯಾಕೆಂದರೆ ಕೂಟಗಳಲ್ಲಿ ಅತಿ ಹೆಚ್ಚು ಹಾಳಾಗುವುದು ಇದೇ ಪ್ರಸಂಗ.

ವಾಲ್ಮೀಕಿಯಲ್ಲಿ ವಾಲಿಯ ಆಕ್ಷೇಪ ಕಿಷ್ಕಿಂಧಾ ಕಾಂಡದ 17ನೆಯ ಸರ್ಗ, ರಾಮನ ಸಮಾಧಾನ 18ನೆಯದು. ಬಾಣ ತಾಗಿ ಬಿದ್ದ ವಾಲಿ ಕೇಳುವುದು ಒಂದೆರಡು ಪ್ರಶ್ನೆಯಲ್ಲ. ನಾನು ಬೇರೆಯವನೊಡನೆ ಹೋರಾಡುತ್ತಿದ್ದೆ, ನಿನಗೂ ನನಗೂ ಯುದ್ಧವಿರಲಿಲ್ಲ. ನಿನ್ನ ನಾಡಿಗೆ ನಾನು ಕೇಡು ಮಾಡಿದವನಲ್ಲ. ನನ್ನ ಚರ್ಮ ಉಡುವಂಥದ್ದಲ್ಲ, ಮಾಂಸ ತಿನ್ನುವಂಥದ್ದಲ್ಲ. ಐದುಗುರಿನ ಪ್ರಾಣಿಗಳಲ್ಲಿ ತಿನ್ನಬಹುದಾದವು ಐದೇ, ಅದರಲ್ಲಿ ಕಪಿ ಸೇರಿಲ್ಲ. ಸೀತೆ ಬೇಕಿದ್ದರೆ ನನ್ನನ್ನು ಕೇಳಿದ್ದರೆ ಒಂದೇ ದಿನದಲ್ಲಿ ತಂದುಕೊಡುತ್ತಿದ್ದೆ. ರಾಮ ಇದಕ್ಕೆಲ್ಲ ಒಂದೊಂದಾಗಿ ಪ್ರತ್ಯುತ್ತರ ಕೊಡುತ್ತ ಕೂರುವುದಿಲ್ಲ. ಈ ಭೂಮಿ ಭರತನ ಆಳ್ವಿಕೆಯದು, ಧರ್ಮ ತಪ್ಪಿದವನನ್ನು ದಂಡಿಸುವ ಹೊಣೆ ನಮ್ಮದು. ತಮ್ಮ ಬದುಕಿರುವಾಗಲೇ ಅವನ ಹೆಂಡತಿ ರುಮೆಯನ್ನು ಇಟ್ಟುಕೊಂಡೆ. ಸುಗ್ರೀವನಿಗೆ ಮಾತು ಕೊಟ್ಟಿದ್ದೇನೆ. ಬೇಟೆಗಾರ ಮೃಗವನ್ನು ಮರೆಯಿಂದ ಹೊಡೆಯುವುದುಂಟು. ಇಷ್ಟು. ಒಂದೇ ದಿನದಲ್ಲಿ ಸೀತೆಯನ್ನು ತರುತ್ತಿದ್ದೆ ಎಂಬ ಮಾತಿಗೆ ರಾಮ ಉತ್ತರವನ್ನೇ ಕೊಡುವುದಿಲ್ಲ. ಕೊಟ್ಟರೆ ರಾಮನ ತೂಕ ಇಳಿಯುತ್ತದೆ. ಹೌದು ಎಂದರೆ ಆಳನ್ನು ತಪ್ಪಾಗಿ ಆರಿಸಿದಂತೆ, ಅಲ್ಲ ಎಂದರೆ ವಾಲಿಯ ಬಲವನ್ನು ಅಲ್ಲಗಳೆದಂತೆ.

ಕೂಟದಲ್ಲಿ ರಾಮನಾಗಿ ಕೂರುವವರು ಎಡವುವುದು ಇಲ್ಲಿಯೇ. ವಾಲಿ ಎಂಟು ಪ್ರಶ್ನೆ ಎಸೆದರೆ ಎಂಟಕ್ಕೂ ಉತ್ತರಿಸಲು ಹೋಗುತ್ತಾರೆ. ಐದನೆಯದಕ್ಕೆ ಬರುವಾಗ ಒಂದರ ಉತ್ತರ ಇನ್ನೊಂದನ್ನು ಕಚ್ಚುತ್ತದೆ: ನೀನು ಮೃಗ, ಆದ್ದರಿಂದ ಮರೆಯಿಂದ ಹೊಡೆದೆ ಎಂದವರು, ನೀನು ಧರ್ಮ ತಪ್ಪಿದೆ, ಆದ್ದರಿಂದ ದಂಡಿಸಿದೆ ಎಂದೂ ಹೇಳಬೇಕಾಗುತ್ತದೆ. ಮೃಗಕ್ಕೆ ಯಾವ ಧರ್ಮ ಎಂದು ವಾಲಿ ತಿರುಗಿ ಬೀಳುತ್ತಾನೆ, ಸಭೆ ಚಪ್ಪಾಳೆ ತಟ್ಟುತ್ತದೆ, ರಾಮ ಬೆವರುತ್ತಾನೆ. ಬಲ್ಲ ಅರ್ಥಧಾರಿ ತನ್ನ ಪದ್ಯ ಯಾವುದಕ್ಕೆ ಉತ್ತರ ಹೇಳುತ್ತದೆಂದು ಮೊದಲೇ ನೋಡಿಕೊಂಡಿರುತ್ತಾರೆ, ಆ ಎರಡು ಮೂರನ್ನು ಎತ್ತಿಕೊಂಡು ಉಳಿದದ್ದನ್ನು ಬಿಡುತ್ತಾರೆ. ಬಿಟ್ಟದ್ದು ಸೋಲಲ್ಲ. ಬಿದ್ದವನು ನೋವಿನಲ್ಲಿ ಆಡಿದ ಮಾತನ್ನು ಹೊಟ್ಟೆಗೆ ಹಾಕಿಕೊಳ್ಳುವುದು ರಾಮನಿಗೆ ಒಪ್ಪುತ್ತದೆ.

ವಾಲಿಯ ಕಡೆಯ ತಪ್ಪು ಬೇರೆ. ಮೂಲದಲ್ಲಿ ರಾಮನ ಮಾತು ಮುಗಿದಾಗ ವಾಲಿ ಕೈಮುಗಿಯುತ್ತಾನೆ, ನಿನ್ನಲ್ಲಿ ದೋಷವಿಲ್ಲ ಎನ್ನುತ್ತಾನೆ, ಅಂಗದನನ್ನು ಒಪ್ಪಿಸುತ್ತಾನೆ. ಪ್ರಸಂಗದ ಹೆಸರೇ ಮೋಕ್ಷ. ಈಗಿನ ಎಷ್ಟೋ ವಾಲಿಗಳಿಗೆ ಮೋಕ್ಷ ಬೇಡ, ಗೆಲುವು ಬೇಕು. ಎದೆಯಲ್ಲಿ ಬಾಣ ನೆಟ್ಟುಕೊಂಡೇ ಒಂದೂವರೆ ಗಂಟೆ ವಾದ ಮಾಡುತ್ತಾರೆ. ಇಂದ್ರ ಕೊಟ್ಟ ಚಿನ್ನದ ಮಾಲೆ ವಾಲಿಯ ಪ್ರಾಣವನ್ನು ಹಿಡಿದಿಟ್ಟಿತ್ತು ನಿಜ. ಶ್ರೋತೃಗಳ ಕೊರಳಲ್ಲಿ ಅಂಥ ಮಾಲೆ ಇಲ್ಲ. ಕೊನೆಗೆ ಭಾಗವತರು ಗಡಿಯಾರ ನೋಡಿ ಪದ್ಯ ಎತ್ತಿದಾಗ, ಈ ತನಕ ಒಪ್ಪದ ವಾಲಿ ಒಂದೇ ವಾಕ್ಯದಲ್ಲಿ ಭಕ್ತನಾಗಿಬಿಡಬೇಕು. ಆ ತಿರುವಿಗೆ ಸಮಯ ಬೇಕಾಗಿತ್ತು, ಮಾತಲ್ಲ. ರಾಮನ ಕೊನೆಯ ಮಾತಿನ ಬಳಿಕ ವಾಲಿ ಹತ್ತು ಸೆಕೆಂಡು ಸುಮ್ಮನಿದ್ದು, ಅನಂತರ ತಗ್ಗಿದ ದನಿಯಲ್ಲಿ ‘ಅಂಗದ ಎಲ್ಲಿ?’ ಎಂದಷ್ಟೇ ಕೇಳಿದರೆ ಒಪ್ಪಿದ್ದೂ ಆಯಿತು, ಎತ್ತುಗಡೆಯೂ ಆಯಿತು.

ತಾರೆಯ ಪಾತ್ರವನ್ನು ಕತ್ತರಿಸುವವರ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇವೆ. ಪೆಟ್ಟು ತಿಂದು ಓಡಿದವನು ಇಷ್ಟು ಬೇಗ ತಿರುಗಿ ಬಂದು ಕೂಗಬೇಕಾದರೆ ಬೆನ್ನಿಗೆ ಯಾರೋ ಇದ್ದಾರೆ ಎಂದು ಊಹಿಸಿದವಳು ಅವಳು. ರಾಮಲಕ್ಷ್ಮಣರ ಸುದ್ದಿ ಅಂಗದನ ಚಾರರಿಂದ ಬಂದದ್ದನ್ನೂ ತಿಳಿಸಿದಳು. ಆ ಪ್ರಸಂಗದ ಬುದ್ಧಿಯೆಲ್ಲ ಅವಳ ಎರಡು ಪದ್ಯದಲ್ಲಿದೆ. ವಾಲಿಯ ಪೀಠಿಕೆ ಲಂಬಿಸಿದ ದಿನ ಮೊದಲು ಹಾರುವುದು ಅದೇ ಎರಡು ಪದ್ಯ.

ಮೌನಕ್ಕೆ ಇನ್ನೂ ಒಳ್ಳೆಯ ಪಾಠ ವಿರಾಟಪರ್ವದಲ್ಲಿದೆ. ಸುಶರ್ಮನನ್ನು ಗೆದ್ದು ಮರಳಿದ ವಿರಾಟನಿಗೆ ಮಗ ಉತ್ತರ ಕೌರವರನ್ನು ಗೆದ್ದನೆಂಬ ಸುದ್ದಿ ಬಂದಿದೆ. ಹಿಗ್ಗಿನಲ್ಲಿ ಕಂಕಭಟ್ಟನೊಡನೆ, ಎಂದರೆ ಅಜ್ಞಾತವಾಸದ ಧರ್ಮರಾಯನೊಡನೆ, ಪಗಡೆಗೆ ಕುಳಿತಿದ್ದಾನೆ. ನನ್ನ ಮಗ ಗೆದ್ದ ಎಂದು ಇವನು. ಬೃಹನ್ನಳೆ ಸಾರಥಿಯಾಗಿರುವಾಗ ಗೆಲ್ಲದೆ ಇರುವುದುಂಟೇ ಎಂದು ಅವನು. ಇನ್ನೊಮ್ಮೆ ಆ ಮಾತು ಎತ್ತಬೇಡ ಎಂದು ರಾಜ ಎಚ್ಚರಿಸುತ್ತಾನೆ. ಕಂಕ ಎತ್ತುತ್ತಾನೆ. ದಾಳ ಮುಖಕ್ಕೆ ಬೀಳುತ್ತದೆ, ಮೂಗಿನಿಂದ ರಕ್ತ. ನೆಲಕ್ಕೆ ಬೀಳದಂತೆ ಬೊಗಸೆಯಲ್ಲಿ ಹಿಡಿದು ಸೈರಂಧ್ರಿಯ ಕಡೆ ನೋಡುತ್ತಾನೆ. ಅವಳು ನೀರಿನ ಪಾತ್ರೆ ತಂದು ಹಿಡಿಯುತ್ತಾಳೆ. ಅಷ್ಟರಲ್ಲಿ ಉತ್ತರ ಬಾಗಿಲಿಗೆ ಬಂದ ಸುದ್ದಿ. ಕಂಕ ದ್ವಾರಪಾಲಕನ ಕಿವಿಯಲ್ಲಿ ಪಿಸುಗುಟ್ಟುತ್ತಾನೆ: ಉತ್ತರನೊಬ್ಬನೇ ಒಳಗೆ ಬರಲಿ, ಬೃಹನ್ನಳೆ ಬೇಡ. ಯುದ್ಧದಲ್ಲಲ್ಲದೆ ಅಣ್ಣನ ರಕ್ತ ಬೀಳಿಸಿದವನನ್ನು ಬೃಹನ್ನಳೆಯಾಗಿರುವ ಅರ್ಜುನ ಉಳಿಸುವುದಿಲ್ಲ ಎಂಬುದು ಅವನಿಗೆ ಗೊತ್ತು.

ಕಂಕನ ಅರ್ಥ ಹೇಳುವವರು ಇಲ್ಲಿ ಮಾಡುವ ತಪ್ಪು ಒಂದೇ. ದಾಳ ಬಿದ್ದ ಕೂಡಲೇ ಕ್ಷಮೆಯ ಮಹಿಮೆಯ ಮೇಲೆ ಇಪ್ಪತ್ತು ನಿಮಿಷ ಮಾತು. ಮೂಗಿನಲ್ಲಿ ರಕ್ತ ಸುರಿಯುವವನು ಉಪನ್ಯಾಸ ಕೊಡುವುದಿಲ್ಲ. ಈ ಜಾಗವನ್ನು ಹೀಗೆ ಕಟ್ಟಬಹುದು: ವಿರಾಟನ ಕೊನೆಯ ಮಾತು ಸಿಟ್ಟಿನಲ್ಲಿ ಅರ್ಧಕ್ಕೇ ತುಂಡಾಗಲಿ. ಮದ್ದಳೆಯಲ್ಲಿ ಒಂದು ಪೆಟ್ಟು, ಚೆಂಡೆ ಬೇಡ. ಆಮೇಲೆ ಶ್ರುತಿ ಮಾತ್ರ. ಕಂಕನಾದವರು ಏನನ್ನೂ ಹೇಳದೆ ಎರಡು ಅಂಗೈ ಜೋಡಿಸಿ ಮುಖದ ಬಳಿಗೆ ತಂದರೆ ಸಾಕು. ಕೂಟದಲ್ಲಿ ಅಭಿನಯ ಸಲ್ಲದು ಎಂಬ ಕಟ್ಟುನಿಟ್ಟಿನವರು ಅದನ್ನೂ ಬಿಡಲಿ. ರಕ್ತದ ಸಂಗತಿಯನ್ನು ಭಾಗವತರ ಪದ್ಯ ಹೇಳಲಿ, ವಿಳಂಬದಲ್ಲಿ. ಬಳಿಕ ದ್ವಾರಪಾಲಕನಿಗೆ ಹೇಳುವ ಒಂದೇ ವಾಕ್ಯ, ಮೈಕಿಗೆ ಹತ್ತಿರ ಬಂದು, ಪಿಸುಮಾತಿನಲ್ಲೇ. ಕೊನೆಯ ಸಾಲಿನ ಅಜ್ಜನಿಗೂ ಅದು ಕೇಳುತ್ತದೆ, ಯಾಕೆಂದರೆ ಅದಕ್ಕೆ ಮೊದಲು ಎಲ್ಲರೂ ಸುಮ್ಮನಾಗಿರುತ್ತಾರೆ.

ಇದೇ ಪ್ರಸಂಗದಲ್ಲಿ ದಡ್ಡನೆಂದು ನಾವು ನಗುವ ಉತ್ತರನೂ ಇದ್ದಾನೆ. ಅಂತಃಪುರದ ಹೆಂಗಸರ ಮುಂದೆ ಕೊಚ್ಚಿಕೊಂಡು, ಕೌರವ ಸೈನ್ಯ ಕಂಡದ್ದೇ ರಥದಿಂದ ಹಾರಿ ಓಡಿದವನು. ಒಲೆಯ ಮುಂದಿನ ಪೌರುಷಕ್ಕೆ ಊರಲ್ಲೆಲ್ಲ ಅವನದೇ ಹೆಸರು. ಆದರೆ ಮರಳಿ ಬಂದು ಸಭೆಯಲ್ಲಿ ಅವನು ಹೇಳುವುದೇನು? ಗೆದ್ದವನು ನಾನಲ್ಲ, ದೇವಪುತ್ರನೊಬ್ಬ ಬಂದು ಗೆದ್ದುಕೊಟ್ಟ. ಪಾಂಡವರ ಗುಟ್ಟು ಬಿಡಲಿಲ್ಲ, ಸುಳ್ಳು ಹೊಗಳಿಕೆ ಹೊರಲೂ ಇಲ್ಲ. ಬೆಳಗ್ಗೆ ಬಾಯಿ ಹರಿಯಬಿಟ್ಟ ಹುಡುಗ ಸಂಜೆಗೆ ತೂಗಿ ಮಾತಾಡಿದ. ಧರ್ಮರಾಯನಂಥ ಧರ್ಮರಾಯ ಅದೇ ಸಂಜೆ ಒಂದು ಮಾತನ್ನು ಹೆಚ್ಚಿಗೆ ಆಡಿ ಮೂಗು ಒಡೆಸಿಕೊಂಡ. ಉತ್ತರನನ್ನು ಬರೀ ಹಾಸ್ಯಕ್ಕೆ ಬಳಸುವವರಿಗೆ ಈ ಎರಡನೆಯ ಅರ್ಧ ಕಾಣುವುದೇ ಇಲ್ಲ. ಹಾಸ್ಯದ ಭಾಗದಲ್ಲೂ ಜಾಣತನ ಬೇಕು. ಉತ್ತರನ ಬಡಾಯಿ ನಗು ತರಿಸಬೇಕಾದರೆ ಬೃಹನ್ನಳೆ ಸುಮ್ಮನಿರಬೇಕು. ಇವನು ಒಂದು ಜೋಕು ಹಾರಿಸಿದರೆ ಅವಳು ಎರಡು ಹಾರಿಸುವಂತಾದರೆ ಇಬ್ಬರೂ ಹಾಸ್ಯಗಾರರಾದರು, ಅರ್ಜುನ ಉಳಿಯಲಿಲ್ಲ.

ಸುಮ್ಮನಿದ್ದದ್ದೆಲ್ಲ ವಿವೇಕ ಎಂದು ನಾವು ಹೇಳುತ್ತಿಲ್ಲ. ದ್ಯೂತದ ಸಭೆಯಲ್ಲಿ ದ್ರೌಪದಿ ಪ್ರಶ್ನೆ ಕೇಳಿದಾಗ ಧರ್ಮ ಸೂಕ್ಷ್ಮವೆಂದು ಭೀಷ್ಮ ಜಾರಿಕೊಂಡ. ನೇರವಾಗಿ ಮಾತಾಡಿದವನು ಕೌರವರಲ್ಲೇ ಒಬ್ಬನಾದ ವಿಕರ್ಣ, ವಯಸ್ಸಿನಲ್ಲಿ ಕಿರಿಯ. ಅಲ್ಲಿ ಭೀಷ್ಮನ ಅರ್ಥ ಹೇಳುವವರಿಗೊಂದು ಚಪಲವಿದೆ: ಆ ಮೌನಕ್ಕೆ ಅರ್ಧ ಗಂಟೆ ಸಮರ್ಥನೆ ಕೊಡುವುದು. ಕೊಟ್ಟಷ್ಟೂ ಭೀಷ್ಮ ಸಣ್ಣವನಾಗುತ್ತಾನೆ. ಮಹಾಭಾರತ ಬಿಡಿಸದೆ ಬಿಟ್ಟದ್ದನ್ನು ನಾವು ಒಂದು ಸಂಜೆಯಲ್ಲಿ ಬಿಡಿಸಲು ಹೊರಡಬಾರದು.

ಅರ್ಥಧಾರಿ ದೇರಾಜೆ ಸೀತಾರಾಮಯ್ಯನವರನ್ನು ಹಿರಿಯ ಶ್ರೋತೃಗಳು ಈಗಲೂ ನೆನೆಯುವುದು ಅವರ ಮಿತವಾದ, ಧ್ವನಿ ತುಂಬಿದ ಮಾತಿಗೆ. ಶೇಣಿ ಗೋಪಾಲಕೃಷ್ಣ ಭಟ್ಟರದು (1918–2006) ಬೇರೆ ದಾರಿ, ತರ್ಕದ್ದು. ಅವರನ್ನು ಅನುಕರಿಸಿದವರಲ್ಲಿ ಹಲವರು ಹಿಡಿದುಕೊಂಡದ್ದು ಉದ್ದವನ್ನು, ತರ್ಕವನ್ನಲ್ಲ. ಎರಡು ದಾರಿಯನ್ನೂ ಧ್ವನಿಮುದ್ರಣಗಳಲ್ಲಿ ಈಗ ಕೇಳಬಹುದು. ಕೇಳುವಾಗ ಮಾತಿಗೆ ಮಾತ್ರವಲ್ಲ, ಎಲ್ಲಿ ನಿಲ್ಲಿಸಿದರು ಎಂಬುದಕ್ಕೂ ಕಿವಿ ಕೊಡಿ.

ಮಾತು ಹೇಗಿರಬೇಕೆಂಬುದಕ್ಕೆ ಅದೇ ಕಿಷ್ಕಿಂಧಾ ಕಾಂಡದ ಮೂರನೆಯ ಸರ್ಗದಲ್ಲಿ ಒಂದು ಅಳತೆಗೋಲು ಇದೆ. ಹನುಮಂತನ ಮೊದಲ ಮಾತು ಕೇಳಿ ರಾಮ ಲಕ್ಷ್ಮಣನಿಗೆ ಹೇಳುವುದು: ಹಿಗ್ಗಿಸಿಲ್ಲ, ಗೊಂದಲವಿಲ್ಲ, ಎಳೆದಿಲ್ಲ, ಕಿವಿಗೆ ನೋವಿಲ್ಲ, ದನಿ ಮಧ್ಯಮ ಸ್ಥಾಯಿಯಲ್ಲಿದೆ. ಈ ಕೊನೆಯದು ಮೈಕಿನ ಕಾಲಕ್ಕೆ ಹೇಳಿಸಿದಂತಿದೆ. ಪದ್ಯ ಹಾರ್ಮೋನಿಯಂನ ಕಪ್ಪು ಮೂರರ ಶ್ರುತಿಯಲ್ಲಿ ಮುಗಿದರೆ ಅದೇ ಎತ್ತರದಲ್ಲಿ ಅರ್ಥ ಶುರುಮಾಡಿ ಕಿರಿಚುವವರಿದ್ದಾರೆ. ಮೊದಲ ವಾಕ್ಯವನ್ನು ಶ್ರುತಿಯ ಕೆಳಗಿನ ಷಡ್ಜಕ್ಕೆ ಹೊಂದಿಸಿ ಎತ್ತಿಕೊಳ್ಳಿ, ಮೇಲೆ ಹೋಗಲು ಜಾಗವಿರುತ್ತದೆ. ಮೈಕ್ ಬಾಯಿಂದ ಒಂದು ಗೇಣು ದೂರವಿರಲಿ. ತನ್ನ ಸರದಿ ಅಲ್ಲದಾಗ ಮೈಕನ್ನು ಬದಿಗೆ ತಿರುಗಿಸಿಡಬೇಕು, ಅಥವಾ ಧ್ವನಿವರ್ಧಕದವರೇ ತಗ್ಗಿಸಬೇಕು. ಇಲ್ಲವಾದರೆ ಎದುರಿನವರ ಕರುಣರಸದ ನಡುವೆ ಇವರು ಕೆಮ್ಮುವುದು, ಎಲೆಯಡಿಕೆ ಜಗಿಯುವುದು ಸಭೆಗೆಲ್ಲ ಕೇಳುತ್ತದೆ.

ಭಾಗವತರ ಕೈಯಲ್ಲೂ ಉಪಾಯಗಳಿವೆ. ಅವರು ಹೂಂಗುಟ್ಟುವುದನ್ನು ನಿಲ್ಲಿಸಿದರೆ ಅದು ಮೊದಲ ಸೂಚನೆ. ಜಾಗಟೆಯ ಅಂಚಿಗೆ ಮೆಲ್ಲಗೆ ತಾಗಿಸಿದರೆ ಎರಡನೆಯದು. ಅದಕ್ಕೂ ಕೇಳದಿದ್ದರೆ, ವಾಕ್ಯವೊಂದು ಮುಗಿದ ಬಿರುಕಿನಲ್ಲಿ ಮುಂದಿನ ಪದ್ಯದ ರಾಗವನ್ನು ಸಣ್ಣಗೆ ಎಳೆಯಬೇಕು. ರಾಗ ಬಂದ ಮೇಲೆ ಮಾತು ಮುಂದುವರಿಸುವಷ್ಟು ಅವಿವೇಕಿಗಳು ಅರ್ಥಧಾರಿಗಳಲ್ಲಿ ಕಡಿಮೆ. ಇದನ್ನು ಅವಮಾನವೆಂದು ಯಾರೂ ತಿಳಿಯಬಾರದು. ಕೂಟವನ್ನು ನಡೆಸುವವರು ಭಾಗವತರೇ. ಆದರೆ ದೊಡ್ಡ ಹೆಸರಿನವರು ಎದುರಿಗಿದ್ದಾಗ ಎಳೆಯ ಭಾಗವತರಿಗೆ ಧೈರ್ಯ ಸಾಲದು. ಆದ್ದರಿಂದ ಪದ್ಯಗಳ ಪಟ್ಟಿಯನ್ನೂ ಯಾವ ಪದ್ಯಕ್ಕೆ ಎಷ್ಟು ಹೊತ್ತು ಎಂಬುದನ್ನೂ ಮೊದಲೇ ಎಲ್ಲರೂ ಕುಳಿತು ಒಪ್ಪಿಕೊಂಡರೆ ಒಳ್ಳೆಯದು. ಚಾ ಕುಡಿಯುವ ಹದಿನೈದು ನಿಮಿಷ ಸಾಕು ಅದಕ್ಕೆ. ಭಾಗವತರಿಗೂ ಒಂದು ಮಾತು: ಒಂದೇ ಸಾಲನ್ನು ಮೂರು ರಾಗದಲ್ಲಿ ಆರು ಸಲ ಹಾಡಿದರೆ ಅದೂ ವಾಚಾಳಿತನವೇ.

ಸಂಘಟಕರು ಕೂಟದ ನಡುವೆ ಸನ್ಮಾನ ಇಡುವುದನ್ನು ದಯವಿಟ್ಟು ಬಿಡಲಿ. ಕರ್ಣನಿಗೆ ಕೃಷ್ಣ ಜನ್ಮರಹಸ್ಯ ಹೇಳಿ ಮುಗಿಸಿದ್ದಾನೆ. ಕರ್ಣ ಬಾಯಿ ತೆರೆಯುವ ಮೊದಲು ನಿರೂಪಕರು ಬಂದು ಗಣ್ಯರನ್ನು ವೇದಿಕೆಗೆ ಕರೆದರೆ ಆ ಕರ್ಣ ಮತ್ತೆ ಸಿಗುವುದಿಲ್ಲ. ಶಾಲು, ಹಾರ, ಹಣ್ಣಿನ ತಟ್ಟೆ, ಸನ್ಮಾನಪತ್ರ ಎಲ್ಲವೂ ಗಣಪತಿ ಸ್ತುತಿಗೆ ಮೊದಲು ಆಗಲಿ. ಅಧ್ಯಕ್ಷೀಯ ಮಾತಿಗೂ ಕಾಲಮಿತಿ ಇರಲಿ.

ಶ್ರೋತೃಗಳ ಪಾಲೂ ಇದೆ. ವಾದದ ನಡುವೆ ಚಪ್ಪಾಳೆ ಬಿದ್ದರೆ ಅರ್ಥಧಾರಿ ಅಲ್ಲೇ ಇನ್ನೆರಡು ಸುತ್ತು ಹೊಡೆಯುತ್ತಾರೆ; ಪದ್ಯ ಎತ್ತಿದ ಮೇಲೆ ತಟ್ಟಿದರೆ ಆ ತೊಂದರೆ ಇಲ್ಲ. ಮೊಬೈಲಿನಲ್ಲಿ ಎರಡು ನಿಮಿಷ ಹಿಡಿದು ವಾಟ್ಸ್ಆ್ಯಪ್‌ಗೆ ಬಿಡುವ ಚಟ ಇನ್ನೂ ಕೆಟ್ಟದು. ಕೌರವ ಹೇಳಿದ ಮಾತು ಅರ್ಥಧಾರಿಯ ಸ್ವಂತ ಅಭಿಪ್ರಾಯವೆಂಬಂತೆ ಊರೂರು ತಿರುಗುತ್ತದೆ, ಜಗಳ ಹಚ್ಚುತ್ತದೆ. ಇದಕ್ಕೆ ಕೆಲವು ಅರ್ಥಧಾರಿಗಳೂ ಹೊಣೆ; ಆ ಎರಡು ನಿಮಿಷಕ್ಕೆಂದೇ ದ್ವಾಪರದಲ್ಲಿ ಇಂದಿನ ಪಕ್ಷಗಳನ್ನು ಎಳೆದು ತರುವವರಿದ್ದಾರೆ.

ಹವ್ಯಾಸಿ ಸಂಘಗಳಲ್ಲಿ, ಮಹಿಳೆಯರ ಮತ್ತು ಮಕ್ಕಳ ತಂಡಗಳಲ್ಲಿ ಈಗ ವಾರಕ್ಕೊಂದು ಅಭ್ಯಾಸ ಕೂಟ ನಡೆಯುವುದುಂಟು. ಅಲ್ಲಿ ಹೀಗೊಂದು ಕ್ರಮ ಇಟ್ಟು ನೋಡಬಹುದು. ಒಂದು ಪದ್ಯ ಕೊಟ್ಟು ಐದು ನಿಮಿಷ ಅರ್ಥ ಹೇಳಿಸಿ. ಅದೇ ಪದ್ಯಕ್ಕೆ ಎರಡು ನಿಮಿಷ. ಮತ್ತೆ ಅದಕ್ಕೇ ಅರ್ಧ ನಿಮಿಷ. ಮೂರನೆಯ ಸಲ ಉಳಿದದ್ದೇ ಆ ಪದ್ಯದ ತಿರುಳು; ಮೊದಲ ಸಲ ಅದು ಎಷ್ಟನೆಯ ನಿಮಿಷದಲ್ಲಿ ಬಂದಿತ್ತು ಎಂದು ಹುಡುಗರೇ ಲೆಕ್ಕ ಹಾಕಲಿ. ಇನ್ನೊಂದು: ಎದುರಿನವರು ಹೇಳಿದ್ದರಲ್ಲಿ ಮುಖ್ಯವಾದ ಮೂರು ಸಂಗತಿಯನ್ನು ಅವರು ಒಪ್ಪುವಂತೆ ತಿರುಗಿ ಹೇಳದೆ ಯಾರೂ ಉತ್ತರ ಶುರುಮಾಡಬಾರದು. ಮೊದಲ ದಿನ ಒಂದು ಸಂಗತಿಯೂ ನೆನಪಿರುವುದಿಲ್ಲ, ಯಾಕೆಂದರೆ ಎಲ್ಲರೂ ಒಳಗೊಳಗೇ ತಮ್ಮ ಸರದಿಯ ಮಾತನ್ನು ಉರುಹೊಡೆಯುತ್ತಿರುತ್ತಾರೆ. ನಾಲ್ಕೈದು ವಾರದಲ್ಲಿ ಸರಿಯಾಗುತ್ತದೆ. ಎತ್ತುಗಡೆಯ ಅಭ್ಯಾಸಕ್ಕೆ ಭಾಗವತರು ಮುಂದಿನ ಪದ್ಯದ ಮೊದಲ ಶಬ್ದವನ್ನು ಮಾತ್ರ ಹೇಳಲಿ. ಆ ಶಬ್ದಕ್ಕೆ ಹಿಂದಿನ ವಾಕ್ಯ ಯಾವುದಿರಬೇಕು ಎಂದು ಒಬ್ಬೊಬ್ಬರೂ ಒಂದೊಂದು ಕಟ್ಟಲಿ.

ಮಳೆಗಾಲದ ಮಾತೂ ಒಂದಿದೆ. ಹೆಚ್ಚಿನ ಮಂದಿರಗಳ ಮುಂಭಾಗಕ್ಕೆ ಈಗ ಶೀಟಿನ ಮಾಡು. ಆಟಿ ತಿಂಗಳ ಮಳೆ ಅದರ ಮೇಲೆ ಬಿದ್ದರೆ ಯಾವ ಅರ್ಥಧಾರಿಯ ದನಿಯೂ ಕೇಳುವುದಿಲ್ಲ, ಧ್ವನಿ ಏರಿಸಿದಷ್ಟೂ ಮೈಕ್ ಕೂಗುತ್ತದೆ, ಗಂಟಲು ಹೋಗುತ್ತದೆ. ಮಳೆ ಜೋರಾದ ಕೂಡಲೇ ಅರ್ಥವನ್ನು ವಾಕ್ಯದ ಕೊನೆಗೆ ತಂದು ನಿಲ್ಲಿಸಿ ಭಾಗವತರಿಗೆ ಬಿಟ್ಟುಬಿಡುವುದು ವಾಸಿ. ಚೆಂಡೆ ಸೇರಿದ ಪದ್ಯ ಮಳೆಯ ಮೇಲೂ ಕೇಳುತ್ತದೆ. ಮಳೆ ನಿಂತ ಮೇಲೆ ಹಿಂದಿನ ಮಾತನ್ನು ಮೊದಲಿನಿಂದ ಹೇಳುವುದು ಬೇಡ, ನಿಂತಲ್ಲಿಂದ ಮುಂದುವರಿಸಿದರಾಯಿತು.

ನಿಮ್ಮ ಪತ್ರಿಕೆಗೂ ಒಂದು ಕೋರಿಕೆ. ಕೂಟದ ವರದಿಗಳಲ್ಲಿ ಅರ್ಥಧಾರಿಗಳ ಹೆಸರು, ಪಾತ್ರ, ಉದ್ಘಾಟಕರು, ಧನ್ಯವಾದ ಇಷ್ಟೇ ಇರುತ್ತದೆ. ಎಷ್ಟು ಪದ್ಯ ಹಾಡಿದರು, ಎಷ್ಟು ಹಾರಿದವು, ಪೀಠಿಕೆಗೆ ಎಷ್ಟು ನಿಮಿಷ ಹಿಡಿಯಿತು ಎಂಬ ಒಂದು ಸಾಲು ಸೇರಿಸಿದರೂ ಸಾಕು. ಕರಪತ್ರದಲ್ಲಿ ‘ಮಾತಿನ ಮಹಾಸಮರ’ ಎಂದು ಅಚ್ಚು ಹಾಕಿಸುವ ಸಂಘಟಕರು ಮರುದಿನ ಪತ್ರಿಕೆಯಲ್ಲಿ ‘ಪೀಠಿಕೆ 45 ನಿಮಿಷ, ತಾರೆಯ ಪದ್ಯ ಇಲ್ಲ’ ಎಂದು ಓದಿಕೊಳ್ಳಲಿ.

ಇತಿ,
ಕೆಲವು ತಾಳಮದ್ದಳೆ ಶ್ರೋತೃಗಳು
ಉಡುಪಿ